ಕುರಿ ಹೊಟ್ಟೆ ಹುಳದ ಮೈಟೋಕಾಂಡ್ರಿಯಾ ಡಿಎನ್‌ಎ ತೆಗೆಯೋದು ಹೇಗೆ?

ಪ್ರಶ್ನೆ: ಎಮ್ಮೆಸ್ಸಿ ಪ್ರಾಜೆಕ್ಟ್‌ಗೆ ಕುರಿಯ ಅಬೊಮೇಸಮ್‌ನಲ್ಲಿರೋ (ಹೊಟ್ಟೆಯ ನಾಲ್ಕನೇ ಕೋಣೆ) ಹೀಮಾಂಕಸ್ ಹುಳದ ಮೈಟೋಕಾಂಡ್ರಿಯಾ ಡಿಎನ್‌ಎ ಬೇಕು. ನಮ್ಮ ಲ್ಯಾಬಲ್ಲಿ ದೊಡ್ಡ ಸೆಂಟ್ರಿಫ್ಯೂಜ್ ಇಲ್ಲ, ಮೈಟೋಕಾಂಡ್ರಿಯಾನ ಮೊದ್ಲು ಬೇರೆ ಮಾಡ್ಲೇಬೇಕಾ? ಒಂದ್ಸಲ ಸೀಕ್ವೆನ್ಸ್ ಮಾಡ್ಸಿದ್ರೆ ಕುರಿ ಡಿಎನ್‌ಎನೇ ಬಂತು.

ಉತ್ತರ: ಬೇರೆ ಮಾಡೋದೇನೂ ಬೇಡ. ಒಂದು ಜೀವಕೋಶದಲ್ಲಿ ನ್ಯೂಕ್ಲಿಯಸ್ ಡಿಎನ್‌ಎ ಎರಡು ಪ್ರತಿ ಇದ್ರೆ ಮೈಟೋಕಾಂಡ್ರಿಯಾದ್ದು ಎಷ್ಟೋ ಪಟ್ಟು ಜಾಸ್ತಿ ಇರುತ್ತೆ, ಹಾಗಾಗಿ ಹುಳದ ಒಟ್ಟು ಡಿಎನ್‌ಎ ತೆಗೆದು ಬೇಕಾದ ಜೀನ್‌ನ ಪಿಸಿಆರ್‌ನಲ್ಲಿ (ಡಿಎನ್‌ಎಯ ಒಂದು ತುಂಡಿಗೆ ಲಕ್ಷಾಂತರ ಪ್ರತಿ ಮಾಡೋ ವಿಧಾನ) ಎತ್ಕೊಂಡ್ರೆ ಸಾಕು. ಪೂರ್ತಿ ಮೈಟೋಜೀನೋಮ್ ಬೇಕಂದ್ರೂ ಅದು ಸುಮಾರು 14,000 ಬೇಸ್ ಅಷ್ಟೇ, ಲಾಂಗ್ ಪಿಸಿಆರ್‌ನಲ್ಲಿ ಒಂದೆರಡು ತುಂಡಲ್ಲಿ ಬರುತ್ತೆ.

ನಿಮ್ಮ ನಿಜವಾದ ತೊಂದ್ರೆ ರಕ್ತ. ಈ ಹುಳ ಕುರಿ ರಕ್ತ ಕುಡಿದೇ ಬದುಕೋದು, ಹೆಣ್ಣುಹುಳದಲ್ಲಿ ಕೆಂಪು ಕರುಳಿನ ಸುತ್ತ ಬಿಳಿ ಅಂಡಾಶಯ ಸುತ್ತಿಕೊಂಡಿರೋದು ಕಣ್ಣಿಗೇ ಕಾಣುತ್ತೆ, ಆ ಕೆಂಪಿನಲ್ಲಿರೋದು ಕುರಿಯ ಬಿಳಿರಕ್ತಕಣ, ಅಂದ್ರೆ ಕುರಿ ಡಿಎನ್‌ಎ, ಜೊತೆಗೆ ಪಿಸಿಆರ್‌ನ ಕೆಡಿಸೋ ಹೀಮ್ (ರಕ್ತಕ್ಕೆ ಕೆಂಪು ಬಣ್ಣ ಕೊಡೋದು) ಬೇರೆ. ಅದಕ್ಕೇ ಜೀವಂತ ಹುಳ ಸಿಕ್ಕಿದ್ರೆ 37 ಡಿಗ್ರಿ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಇರೋ ಉಪ್ಪುನೀರಿನ ಬಫರ್) ಕೆಲವು ಗಂಟೆ ಬಿಡಿ, ಒಳಗಿನ ರಕ್ತ ಸ್ವಲ್ಪ ಹೊರಗೆ ಹಾಕುತ್ತೆ, ಆಮೇಲೆ ಮೂರ್ನಾಲ್ಕು ಸಲ ತೊಳೆದು ಮೈಕ್ರೋಸ್ಕೋಪ್ ಕೆಳಗೆ ಬ್ಲೇಡ್‌ನಿಂದ ತಲೆ ಕಡೆ ತುದಿ ಮಾತ್ರ ಕತ್ತರಿಸಿ ತಗೊಳ್ಳಿ. ಒಂದು ಟ್ಯೂಬ್‌ಗೆ ಒಂದೇ ಹುಳ, ದಯವಿಟ್ಟು ಹತ್ತಾರು ಸೇರಿಸಿ ಅರೀಬೇಡಿ, ಸೇರಿಸಿದ್ರೆ ಯಾವ ಹ್ಯಾಪ್ಲೋಟೈಪ್ (ಡಿಎನ್‌ಎ ಸೀಕ್ವೆನ್ಸ್‌ನ ಒಂದು ಮಾದರಿ) ಯಾವ ಹುಳದ್ದು ಅಂತ ಆಮೇಲೆ ಹೇಳೋಕೇ ಆಗಲ್ಲ. ಇಡೋದು 95% ಎಥನಾಲ್‌ನಲ್ಲಿ. ಫಾರ್ಮಾಲಿನ್ ಬೇಡ್ವೇ ಬೇಡ, ಅದು ಪ್ರೋಟೀನ್‌ಗೂ ಡಿಎನ್‌ಎಗೂ ಗಂಟು ಹಾಕಿ ತುಂಡು ಮಾಡಿಬಿಡುತ್ತೆ.

ಇನ್ನು ಕ್ಯೂಟಿಕಲ್, ಅಂದ್ರೆ ಹುಳದ ಗಟ್ಟಿ ಹೊರಪದರ. ಅದು ಕೊಲಾಜೆನ್, ಡೈಸಲ್ಫೈಡ್ ಬಂಧಗಳಿಂದ ಹೆಣೆದಿರೋದು, ಬರೀ ಡಿಟರ್ಜೆಂಟ್‌ಗೆ ಬಗ್ಗಲ್ಲ. ಎಥನಾಲ್ ಪೂರ್ತಿ ಆರಿದ ಮೇಲೆ ಸಣ್ಣಗೆ ಕೊಚ್ಚಿ, ಎಸ್‌ಡಿಎಸ್ (ಒಂದು ಡಿಟರ್ಜೆಂಟ್) ಇರೋ ಬಫರ್‌ಗೆ ಪ್ರೋಟೀನ್ ಕರಗಿಸೋ ಕಿಣ್ವ ಪ್ರೋಟೀನೇಸ್ ಕೆ ಜೊತೆ, ಆ ಡೈಸಲ್ಫೈಡ್ ಬಂಧ ಬಿಡಿಸೋಕೆ ಸ್ವಲ್ಪ ಡಿಟಿಟಿನೂ ಹಾಕಿ 56 ಡಿಗ್ರಿಲಿ ರಾತ್ರಿಯಿಡೀ ಬಿಡಿ, ತುಂಡು ಇನ್ನೂ ಕಾಣ್ತಿದ್ರೆ ಕಿಣ್ವ ಮತ್ತೆ ಹಾಕಿ, ಅವಸರ ಬೇಡ. ಆಮೇಲೆ ಮಾಮೂಲಿ ಕಾಲಮ್ ಕಿಟ್ ಸಾಕು. ಕೊನೆಗೆ ಕಾಲಮ್‌ನಿಂದ ಡಿಎನ್‌ಎ ಇಳಿಸ್ಕೊಳ್ಳುವಾಗ (ಎಲ್ಯೂಟ್) ಕಡಿಮೆ ದ್ರವ ಬಳಸಿ, ಹುಳದ ಒಂದು ತುದಿಯಿಂದ ಡಿಎನ್‌ಎ ಬರೋದೇ ಕಮ್ಮಿ.

ಪ್ರೈಮರ್ (ಪಿಸಿಆರ್ ಶುರು ಮಾಡೋ ಚಿಕ್ಕ ಡಿಎನ್‌ಎ ತುಂಡು) ಯೂನಿವರ್ಸಲ್ ತಗೋಬೇಡಿ, ಅದು ಕುರಿಗೂ ಅಂಟ್ಕೊಳ್ಳುತ್ತೆ. ನೆಮಟೋಡ್‌ಗೇ (ದುಂಡುಹುಳಗಳ ಗುಂಪು) ಮಾಡಿದ, ಮೈಟೋಕಾಂಡ್ರಿಯಾದ ಕಾಕ್ಸ್1 ಇಲ್ಲಾ ನ್ಯಾಡ್4 ಜೀನ್‌ನ ಪ್ರೈಮರ್ ಬಳಸಿ, ಪ್ರತಿ ರನ್‌ನಲ್ಲೂ ಕುರಿ ಡಿಎನ್‌ಎ ಒಂದು ಟ್ಯೂಬ್, ಖಾಲಿ ನೀರು ಒಂದು ಟ್ಯೂಬ್ ಇಡಿ, ಎರಡರಲ್ಲೂ ಬ್ಯಾಂಡ್ ಬರಬಾರದು. ಸೀಕ್ವೆನ್ಸ್ ಬಂದ ಮೇಲೆ ಅಕಶೇರುಕ ಮೈಟೋಕಾಂಡ್ರಿಯಾ ಕೋಡ್‌ನಲ್ಲಿ, ಅಂದ್ರೆ ಎನ್‌ಸಿಬಿಐ ಡೇಟಾಬೇಸ್‌ನ ಜೆನೆಟಿಕ್ ಕೋಡ್ ಪಟ್ಟಿಯ ಟೇಬಲ್ 5ರಲ್ಲಿ ಪ್ರೋಟೀನ್‌ಗೆ ಅನುವಾದ ಮಾಡಿ ನೋಡಿ. ಸರಿಯಾದ ಫ್ರೇಮ್‌ನಲ್ಲೂ ನಡುವೆ ಸ್ಟಾಪ್ (ಪ್ರೋಟೀನ್ ಇಲ್ಲಿಗೆ ಮುಗೀತು ಅನ್ನೋ ಸಂಕೇತ) ಬಂದ್ರೆ ರೀಡ್ ತಪ್ಪಿರಬಹುದು, ಇಲ್ಲಾ ನ್ಯೂಕ್ಲಿಯಸ್‌ಗೆ ಸೇರ್ಕೊಂಡಿರೋ ಹಳೇ ಪ್ರತಿ ಸಿಕ್ಕಿರಬಹುದು, ಅದನ್ನ ಡೇಟಾಬೇಸ್‌ಗೆ ಹಾಕೋ ಮುಂಚೆ ಇನ್ನೊಂದ್ಸಲ ಮಾಡಿ.