ಫ್ರೆಂಚಿನ ‘ಮ್ಯುಜೆಟ್’ ಅಂದರೆ ಬ್ಯಾಗ್‌ಪೈಪೋ ಅಕಾರ್ಡಿಯನ್ನೋ? ಸರಿಯಾದ ಅರ್ಥ ಯಾವುದು?

ಬ್ಯಾಗ್‌ಪೈಪ್ (ಗಾಳಿ ತುಂಬಿದ ಚೀಲವನ್ನು ಒತ್ತಿ ನುಡಿಸುವ ವಾದ್ಯ) ಅಂತ ಬರೆದು ನಾನೊಬ್ಬ ಗಿರಾಕಿಯನ್ನು ಕಳೆದುಕೊಂಡಿದ್ದೇನೆ. ಆಗ ಬೆಂಗಳೂರಿನಲ್ಲಿ ಫ್ರೆಂಚ್ ಅನುವಾದ ಮಾಡುತ್ತಿದ್ದೆ. ಸೈಕಲ್ ರೇಸಿನ ವಿಡಿಯೊವೊಂದಕ್ಕೆ ಸಬ್‌ಟೈಟಲ್ ಬರೆಯಬೇಕಿತ್ತು. ಸವಾರ ಸೈಕಲ್ ನಿಲ್ಲಿಸದೆ ಕೈಚಾಚಿ ಮ್ಯುಜೆಟ್ ತೆಗೆದುಕೊಂಡ ಅಂತ ಒಂದು ಸಾಲು. ನಾನು ಅವನ ಕೈಗೆ ಬ್ಯಾಗ್‌ಪೈಪ್ ಕೊಟ್ಟೆ!

ನಗಬೇಡಿ. ವಿಡಿಯೊ ಕಳಿಸಿರಲಿಲ್ಲ, ಬರೀ ಎಕ್ಸೆಲ್ ಹಾಳೆ. ಅದರಲ್ಲೂ ಸಾಲುಗಳು ಹಿಂದುಮುಂದು. ನನಗೆ ಆ ಪದ ಗೊತ್ತಾದದ್ದೇ ಹಳೆಯ ಸಂಗೀತದಿಂದ. ನಿಘಂಟಿನಲ್ಲೂ ಮೊದಲು ಸಿಕ್ಕಿದ್ದು ವಾದ್ಯವೇ, ಮುಂದಿನದನ್ನು ಓದಲೇ ಇಲ್ಲ. ಅದೇ ಹಾಳೆಯಲ್ಲಿ ಕೆಳಗೆಲ್ಲೋ ಬಾಳೆಹಣ್ಣಿನ ಮಾತಿತ್ತು ಕಣ್ರೀ, ಆದರೂ ಹೊಳೆಯಲಿಲ್ಲ. ಟೂರ್ ಡಿ ಫ್ರಾನ್ಸ್‌ನಲ್ಲಿ ರಸ್ತೆ ಬದಿ ನಿಂತ ತಂಡದವರು ಸವಾರರಿಗೆ ತಿಂಡಿ, ನೀರಿನ ಬಾಟಲಿ ತುಂಬಿ ಕೊಡುವ ತೆಳು ಬಟ್ಟೆ ಚೀಲ ಇದೆಯಲ್ಲ, ಅದೇ ಮ್ಯುಜೆಟ್. ಸೈನಿಕರು ಹೆಗಲಿಗೆ ಹಾಕುವ ಚೀಲವೂ ಮ್ಯುಜೆಟ್. ಕುದುರೆಯ ಮೂತಿಗೆ ಕಟ್ಟುವ ಮೇವಿನ ಚೀಲಕ್ಕೂ ಅದೇ ಹೆಸರು.

ಚೀಲಕ್ಕೆ ಹೆಸರು ಬಂದದ್ದು ವಾದ್ಯದಿಂದ. ಹಳೆಯ ಫ್ರೆಂಚಿನಲ್ಲಿ ‘ಮ್ಯುಜ್’ ಅಂದರೆ ಬ್ಯಾಗ್‌ಪೈಪ್, ಮ್ಯುಜೆಟ್ ಅಂದರೆ ಅದರ ಚಿಕ್ಕದು. 17–18ನೇ ಶತಮಾನದಲ್ಲಿ ಆ ವಾದ್ಯ ಅರಮನೆ ಸೇರಿತು. ಬಾಯಲ್ಲಿ ಊದುವ ಕಷ್ಟ ಇಲ್ಲ, ಕಂಕುಳಲ್ಲಿ ತಿದಿ. ಶ್ರೀಮಂತರು ಕುರಿಗಾಹಿಗಳ ವೇಷ ಹಾಕಿ ನುಡಿಸಲು ಅನುಕೂಲ! 1737ರಲ್ಲಿ ಒತೆತೇರ್ ಅನ್ನೋ ಫ್ರೆಂಚ್ ಸಂಗೀತಗಾರರು ಅದನ್ನು ಕಲಿಸುವ ಪುಸ್ತಕವನ್ನೇ ಬರೆದರು. ಕೆಳಗೆ ಒಂದೇ ಸ್ವರ ಹಿಡಿದು ನಿಲ್ಲುವ ರಚನೆಗಳಿಗೂ ಮ್ಯುಜೆಟ್ ಅಂತಲೇ ಹೆಸರಾಯಿತು. ಜರ್ಮನ್ ಸಂಯೋಜಕ ಬಾಖ್ ಕೂಡ ಅಂಥದ್ದು ಬರೆದಿದ್ದಾರೆ.

ಇನ್ನು ನಿಮ್ಮ ಅಕಾರ್ಡಿಯನ್. 19ನೇ ಶತಮಾನದಲ್ಲಿ ಫ್ರಾನ್ಸ್‌ನ ಓವೆರ್ನ್ಯ ಪ್ರಾಂತ್ಯದವರು ಪ್ಯಾರಿಸ್‌ಗೆ ವಲಸೆ ಬಂದು, ತಮ್ಮ ಬ್ಯಾಗ್‌ಪೈಪಿಗೆ ಕುಣಿಯುತ್ತಿದ್ದರು. ಅದೇ ‘ಬಾಲ್ ಮ್ಯುಜೆಟ್’, ಅಂದರೆ ಮ್ಯುಜೆಟ್ ಕುಣಿತದ ಕೂಟ. ಆಮೇಲೆ ಇಟಲಿಯವರು ಅಕಾರ್ಡಿಯನ್ ತಂದರು. ಬ್ಯಾಗ್‌ಪೈಪ್ ಹೋಯಿತು, ಹೆಸರು ಉಳಿಯಿತು. ಅಕಾರ್ಡಿಯನ್‌ನಲ್ಲಿ ಒಂದೇ ಸ್ವರದ ಎರಡು-ಮೂರು ರೀಡ್‌ಗಳನ್ನು (ಗಾಳಿಗೆ ಕಂಪಿಸುವ ಪಟ್ಟಿಗಳನ್ನು) ಬೇಕೆಂದೇ ಕೊಂಚ ಹೆಚ್ಚುಕಮ್ಮಿ ಮಾಡಿ ನಡುಕ ಬರಿಸುವ ಶ್ರುತಿಗೂ ಈಗ ಮ್ಯುಜೆಟ್ ಅಂತಾರೆ.

ಹಾಗಾಗಿ ಸರಿಯಾದ ಅರ್ಥ ಯಾವುದು ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಯಾವ ಕಾಲದ್ದು, ಯಾರ ಕೈಯಲ್ಲಿರೋದು ಅಂತ ಕೇಳಿ. ನಿಮಗೆ ಸಿಕ್ಕಿದ ವಾಕ್ಯವನ್ನು ಪೂರ್ತಿ ಹಾಕಿ, ಅದರ ಹಿಂದಿನ ಮುಂದಿನ ಸಾಲುಗಳನ್ನೂ.