ಕೇಳಿ ನೋಡಿ: ಹಸಿರು ಅಂತು ಸ್ಯಾಟಲೈಟು, ಒಣಗ್ತಿದೆ ಅಂದ್ರು ಯಜಮಾನ್ರು

ಈ ಸಲ ಮೂರೇ ಪ್ರಶ್ನೆ ತಗೊಂಡಿದೀನಿ, ಮೂರಕ್ಕೂ ಉತ್ತರ ಉದ್ದ ಆಯ್ತು, ಸಂಪಾದಕರು ಬೈದ್ರೆ ಬೈಸ್ಕೊತೀನಿ.

ಪ್ರಶ್ನೆ: ಸಾರ್, ನನ್ನ ಮಗ ಮೊಬೈಲಿಗೆ ಒಂದು ಆಪ್ ಹಾಕ್ಕೊಟ್ಟಿದಾನೆ, ಸ್ಯಾಟಲೈಟಿಂದ ತೋಟದ ಆರೋಗ್ಯ ತೋರ್ಸುತ್ತಂತೆ. ನಮ್ಮ ತೋಟ ಪೂರ್ತಿ ಕಡು ಹಸಿರು, 0.8 ಅಂತ ತೋರ್ಸ್ತಾ ಇದೆ. ಇಲ್ಲಿ ನೋಡಿದ್ರೆ ಎಲೆಚುಕ್ಕೆ ಬಂದು ಕೆಳಗಿನ ಸೋಗೆ ಎಲ್ಲಾ ಒಣಗಿ ನೇತಾಡ್ತಿದೆ. ಇದನ್ನ ನಂಬೋದಾ ಮಾರಾಯ್ರೆ?
(ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು)

ಉತ್ತರ: ಆಪ್ ತೋರ್ಸೋ ನಂಬರ್ ಸರಿ ಇರ್ಬಹುದು, ನೀವು ಕಂಡಿದ್ದೂ ಸರಿ, ಎರಡೂ ನೋಡ್ತಿರೋದು ಬೇರೆ ಬೇರೆ. ಆ 0.8 ಅನ್ನೋ ಲೆಕ್ಕಕ್ಕೆ ಎನ್‌ಡಿವಿಐ ಅಂತಾರೆ. ಎಲೆಯಲ್ಲಿರೋ ಪತ್ರಹರಿತ್ತು ಬಿಸಿಲಿನ ಕೆಂಪು ಬೆಳಕನ್ನ ನುಂಗಿಬಿಡುತ್ತೆ, ಆದ್ರೆ ಎಲೆ ಒಳಗೆ ಸ್ಪಂಜಿನ ಥರ ಗಾಳಿ ತುಂಬಿರೋ ಪದರ ಇದ್ಯಲ್ಲ, ಅದು ನಮ್ಮ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನ ವಾಪಸ್ ಎಸೆಯುತ್ತೆ. ಇನ್ಫ್ರಾರೆಡ್ಡಲ್ಲಿ ಕೆಂಪನ್ನ ಕಳೆದು, ಎರಡರ ಮೊತ್ತದಿಂದ ಭಾಗಿಸಿದ್ರೆ ಆಯ್ತು. ಕೆಂಪು 5, ಇನ್ಫ್ರಾರೆಡ್ 50 ವಾಪಸ್ ಬಂದ್ರೆ 45 ಭಾಗಿಸು 55, ಅಂದ್ರೆ ನಿಮ್ಮ 0.8. ಒಣಗಿದ ಜಾಗದಲ್ಲಿ ಕೆಂಪು 20, ಇನ್ಫ್ರಾರೆಡ್ 30 ಬಂದ್ರೆ 0.2. 1972ರಲ್ಲಿ ಅಮೆರಿಕದವರು ಮೊದಲ ಲ್ಯಾಂಡ್‌ಸ್ಯಾಟ್ ಸ್ಯಾಟಲೈಟ್ ಹಾರಿಸಿದಾಗಿಂದ ಈ ಲೆಕ್ಕ ನಡ್ಕೊಂಡು ಬಂದಿದೆ.

ಈಗ ನಿಮ್ಮ ತೋಟಕ್ಕೆ ಬನ್ನಿ. ಇಂಥ ಆಪ್‌ಗಳು ಹೆಚ್ಚಾಗಿ ಯುರೋಪಿನ ಸೆಂಟಿನೆಲ್-2 ಸ್ಯಾಟಲೈಟ್ ಚಿತ್ರಗಳನ್ನ ಬಳಸ್ತವೆ, 786 ಕಿಲೋಮೀಟರ್ ಮೇಲಿಂದ ತೆಗೆದದ್ದು, ಆ ಚಿತ್ರದ ಒಂದು ಚುಕ್ಕೆ (ಪಿಕ್ಸೆಲ್) ಅಂದ್ರೆ ನೆಲದ ಮೇಲೆ 10 ಮೀಟರ್ ಉದ್ದ 10 ಮೀಟರ್ ಅಗಲ. ಒಂಬತ್ತು ಅಡಿ ಅಂತರದಲ್ಲಿ ಹಾಕಿದ ಅಡಿಕೆ ಆದ್ರೆ ಒಂದೇ ಚುಕ್ಕೆಯೊಳಗೆ ಸುಮಾರು 13 ಮರ, ಅದರ ಜೊತೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮಧ್ಯದ ಬಾಳೆ, ಕೆಳಗಿನ ಕಳೆ, ಎಲ್ಲದರ ಹಸಿರೂ ಒಟ್ಟಿಗೇ ಸೇರಿ ಒಂದು ನಂಬರ್. ಅದ್ರಲ್ಲೂ ನಿಮ್ಮ ರೋಗ ಇರೋದು ಕೆಳಗಿನ ಸೋಗೆಯಲ್ಲಿ, ಸ್ಯಾಟಲೈಟ್ ನೋಡೋದು ನೆತ್ತಿ. ಇನ್ನೊಂದು ತೊಂದ್ರೆ ಏನಂದ್ರೆ ಎಲೆ ದಟ್ಟವಾಗಿರೋ ಕಡೆ ಈ ನಂಬರ್ 0.8, 0.9ರ ಹತ್ರ ಹೋಗಿ ನಿಂತುಬಿಡುತ್ತೆ, ಆಮೇಲೆ ಎಲೆ ಸ್ವಲ್ಪ ಕಮ್ಮಿ ಆದ್ರೂ ಜಾಸ್ತಿ ಆದ್ರೂ ಅಲ್ಲಾಡೋದು ಕಷ್ಟ.

ಮಜಾ ಅಂದ್ರೆ ನಮ್ಮ ದೇಶದಲ್ಲಿ ಈ ವಿದ್ಯೆ ಶುರುವಾಗಿದ್ದೇ ಮರದ ರೋಗ ಹುಡ್ಕೋಕೆ. 1970ರ ಸುಮಾರಿಗೆ ಪಿ. ಆರ್. ಪಿಶಾರೋಟಿ ಅನ್ನೋ ವಿಜ್ಞಾನಿ ಕೇರಳದಲ್ಲಿ ತೆಂಗಿನ ಬೇರು ಸೊರಗು ರೋಗ ನೋಡೋಕೆ ಹೆಲಿಕಾಪ್ಟರಲ್ಲಿ ಇನ್ಫ್ರಾರೆಡ್ ಫಿಲ್ಮ್ ಹಾಕಿದ ಕ್ಯಾಮೆರಾ ತಗೊಂಡು ಹಾರಿದ್ರು. ಆದ್ರೆ ಅದು ತೋಟದ ಮೇಲೇ ತಗ್ಗಲ್ಲಿ ಹಾರೋ ಹೆಲಿಕಾಪ್ಟರ್, ಒಂದೊಂದು ಮರದ ತಲೆಯೂ ಬೇರೆ ಬೇರೆ ಕಾಣುತ್ತೆ. 786 ಕಿಲೋಮೀಟರ್ ಮೇಲಿಂದ ಅದೇ ಕೆಲಸ ಬಯಸೋದು ಅನ್ಯಾಯ.

ಮಳೆಗಾಲದಲ್ಲಂತೂ ಕೇಳ್ಲೇಬೇಡಿ. ಐದು ದಿನಕ್ಕೊಮ್ಮೆ ಬಂದ್ರೂ ಜೂನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಲ್ಲಿ ಅದಕ್ಕೆ ಕಾಣೋದು ಬರೀ ಮೋಡ. 2025ರ ಜುಲೈ 30ಕ್ಕೆ ನಮ್ಮ ಇಸ್ರೋ ಮತ್ತೆ ನಾಸಾ ಸೇರಿ ಶ್ರೀಹರಿಕೋಟಾದಿಂದ ಹಾರಿಸಿದ ನಿಸಾರ್ ಸ್ಯಾಟಲೈಟಲ್ಲಿ ಇರೋದು ರೇಡಾರು, ಮೋಡ ತೂರ್ಕೊಂಡು ನೋಡುತ್ತೆ, ಆದ್ರೆ ಅದು ನೋಡೋದು ಗಿಡದ ಆಕಾರ, ತೇವ, ಇಂಥದ್ದನ್ನ. ಎಲೆ ಮೇಲಿನ ಚುಕ್ಕೆ ಹಿಡಿಯುತ್ತೆ ಅಂತ ಕಾಯ್ಬೇಡಿ.

ಹಾಗಾದ್ರೆ ಆಪ್ ಕಿತ್ತಾಕ್ಬೇಕಾ? ಬೇಡ. ಪ್ರತಿ ವರ್ಷ ಮೋಡ ಕಮ್ಮಿ ಇರೋ ಜನವರಿಯ ಚಿತ್ರ ಮಾತ್ರ ಇಟ್ಕೊಂಡು ಹೋಲಿಸಿ. ಯಾವ್ದಾದ್ರೂ ಮೂಲೆ ಉಳಿದ ತೋಟಕ್ಕಿಂತ ವರ್ಷ ವರ್ಷ ಕೆಳಗೆ ಜಾರ್ತಾ ಇದ್ರೆ ಆ ಮೂಲೆಗೆ ಮೊದಲು ನಡ್ಕೊಂಡು ಹೋಗಿ ನೋಡಿ.

(2019ರಲ್ಲಿ ಇದೇ ಥರ ಒಂದು ಗೊಂದಲ ದೇಶಕ್ಕೇ ಆಗಿತ್ತು. 2000ದಿಂದ 2017ರವರೆಗಿನ ನಾಸಾ ಚಿತ್ರ ನೋಡಿ ಚೀನಾ, ಭಾರತ ಹಸಿರಾಗ್ತಿವೆ ಅಂತ ಸಂಶೋಧನೆ ಬಂತು, ತುಂಬಾ ಜನ ಕಾಡು ಬೆಳೀತು ಅಂತ ಖುಷಿಪಟ್ರು. ಒಳಗೆ ಓದಿದ್ರೆ ಭಾರತದ ಆ ಹಸಿರಲ್ಲಿ 82% ಹೊಲಗದ್ದೆದು, ಅದಕ್ಕೆ ದೊಡ್ಡ ಕಾರಣ ಗೊಬ್ಬರ ಮತ್ತೆ ನೀರಾವರಿ. ಬೋರ್‌ವೆಲ್ ಹಸಿರೂ ಸ್ಯಾಟಲೈಟಿಗೆ ಹಸಿರೇ.)

ಪ್ರಶ್ನೆ: ನನಗೀಗ 20, ಕೆಳದವಡೆ ಮುಂದೆ ಬಂದದ. ಆಪರೇಷನ್ ಮಾಡಬೇಕು ಅಂತ ಹೇಳಿ ಒಂದು ವರ್ಷದಿಂದ ಹಲ್ಲಿಗೆ ತಂತಿ ಹಾಕ್ಯಾರ, ಆದ್ರ ತಂತಿ ಹಾಕಿದ ಮ್ಯಾಲೆ ಮುಖ ಇನ್ನೂ ಕೆಟ್ಟ ಕಾಣಾಕತ್ತದ. ದವಡಿ ಕತ್ತರಿಸಿದ್ರ ತುಟಿ ಸತ್ತು ಹೋಗ್ತದ ಅಂತ ಅವ್ವ ಹೆದರ್ಯಾಳ. ಏನ್ ಮಾಡ್ಲಿ?
(ಹುಬ್ಬಳ್ಳಿಯ ಓದುಗರು)

ಉತ್ತರ: ಮುಖ ಕೆಟ್ಟ ಕಾಣ್ತಿರೋದಕ್ಕೆ ಹೆಚ್ಚಾಗಿ ಇರೋ ಕಾರಣ ಹೇಳ್ತೀನಿ, ಸಮಾಧಾನ ಆಗ್ಬಹುದು. ದವಡೆ ಮುಂದೆ ಬಂದಾಗ ಹಲ್ಲುಗಳು ತಾವೇ ಅಡ್ಜಸ್ಟ್ ಮಾಡ್ಕೊಂಡಿರ್ತವೆ, ಕೆಳಗಿನವು ಒಳಗೆ ಬಾಗಿ, ಮೇಲಿನವು ಹೊರಗೆ ಬಾಗಿ, ಹೆಂಗೋ ಒಂದಕ್ಕೊಂದು ತಾಗೋಕೆ ನೋಡ್ತವೆ. ತಂತಿ ಆ ನಾಟಕ ಬಿಡಿಸಿ ಹಲ್ಲುಗಳನ್ನ ನೆಟ್ಟಗೆ ನಿಲ್ಲಿಸುತ್ತೆ, ಆವಾಗ ದವಡೆಯ ನಿಜವಾದ ಅಂತರ ಎದ್ದು ಕಾಣುತ್ತೆ. ಆಪರೇಷನ್ ದಿನ ಹಲ್ಲು ಸರಿಯಾಗಿ ಕೂರ್ಬೇಕಂದ್ರೆ ಇದು ಆಗ್ಲೇಬೇಕು.

ಕತ್ತರಿಸೋದು ಅಂದ್ರೆ ಸೌದೆ ಥರ ಅಡ್ಡಕ್ಕೆ ಕತ್ತರಿಸಿ ತೆಗಿಯೋದಲ್ಲ. 1957ರಲ್ಲಿ ಟ್ರೌನರ್, ಒಬ್ವೆಗೆಸರ್ ಅನ್ನೋ ಇಬ್ಬರು ಸರ್ಜನ್ನರು ಪ್ರಕಟಿಸಿದ ಉಪಾಯ ಇದು, ಬಾಯಿ ಒಳಗಿಂದಲೇ ಹೋಗಿ ಕೊನೇ ದವಡೆಹಲ್ಲಿನ ಹಿಂದೆ ಮೂಳೆಯನ್ನ ಉದ್ದುದ್ದಕ್ಕೆ ಎರಡು ಹೋಳಾಗಿ ಸೀಳ್ತಾರೆ. ಬೆಂಕಿಪೊಟ್ಟಣದ ಒಳಡಬ್ಬಿ ಹೊರಗಿನ ಕವಚದಲ್ಲಿ ಜಾರುತ್ತಲ್ಲ, ಹಂಗೆ ಹಲ್ಲಿರೋ ಭಾಗ ಹಿಂದಕ್ಕೋ ಮುಂದಕ್ಕೋ ಜಾರುತ್ತೆ, ಜಾರಿದ ಮೇಲೂ ಮೂಳೆಗೆ ಮೂಳೆ ಅಗಲವಾಗಿ ತಾಗಿಕೊಂಡೇ ಇರೋದ್ರಿಂದ ಚೆನ್ನಾಗಿ ಕೂಡುತ್ತೆ. ಟೈಟೇನಿಯಂ ಪ್ಲೇಟು, ಸ್ಕ್ರೂ ಹಾಕಿ ಬಿಗಿತಾರೆ. ಮೊದಲೆಲ್ಲ ವಾರಗಟ್ಲೆ ಬಾಯಿಗೆ ತಂತಿ ಬಿಗಿದು ಕೂರಿಸ್ತಿದ್ರು. ಈಗೀಗ ಸಿಟಿ ಸ್ಕ್ಯಾನ್ ತೆಗೆದು ಆಪರೇಷನ್ನನ್ನ ಮೊದಲು ಕಂಪ್ಯೂಟರಲ್ಲೇ ಮಾಡಿ ನೋಡ್ತಾರೆ, ಹಲ್ಲು ಎಲ್ಲಿ ಕೂರ್ಬೇಕೋ ಆ ಅಚ್ಚನ್ನ 3ಡಿ ಪ್ರಿಂಟ್ ಮಾಡ್ಕೊಂಡು ಒಳಗೆ ಹೋಗ್ತಾರೆ.

ಮೇಲ್ದವಡೆನೂ ಸರಿಸ್ಬೇಕು ಅಂದ್ರೆ ಲೆ ಫೋರ್ ಅನ್ನೋ ಹೆಸರು ಕಿವಿಗೆ ಬೀಳುತ್ತೆ. ಆ ಫ್ರೆಂಚ್ ಡಾಕ್ಟ್ರು ಹೆಣಗಳ ತಲೆಗೆ ಹೊಡೆದು ಹೊಡೆದು ಮುಖದ ಮೂಳೆ ಯಾವ ಗೆರೆಯಲ್ಲಿ ಮುರಿಯುತ್ತೆ ಅಂತ 1901ರಲ್ಲಿ ಬರೆದಿಟ್ರು, ಇವತ್ತು ಸರ್ಜನ್ನರು ಅದೇ ಗೆರೆ ಹಿಡಿದು ಕತ್ತರಿಸ್ತಾರೆ. ರಾತ್ರಿ ಊಟದ ಹೊತ್ತಲ್ಲಿ ಇದನ್ನ ಅವ್ವನಿಗೆ ಓದಿ ಹೇಳ್ಬೇಡಿ.

ಅವ್ವನ ಭಯಕ್ಕೆ ಅರ್ಥ ಇದೆ. ಕೆಳತುಟಿ, ಗದ್ದಕ್ಕೆ ಸ್ಪರ್ಶ ಕೊಡೋ ನರ ಆ ಸೀಳೋ ಮೂಳೆ ಒಳಗೇ ಹೋಗುತ್ತೆ. ಆಪರೇಷನ್ ಆದ ಮೇಲೆ ಜೋಮು ಹಿಡಿಯೋದು ತುಂಬಾ ಸಾಮಾನ್ಯ, ಬಹಳ ಜನಕ್ಕೆ ತಿಂಗಳುಗಳಲ್ಲಿ ಹೋಗುತ್ತೆ, ಕೆಲವರಿಗೆ ಸ್ವಲ್ಪ ಉಳ್ಕೊಳುತ್ತೆ. ತುಟಿ ಅಲ್ಲಾಡಿಸೋ ನರ ಬೇರೆ, ಹಾಗಾಗಿ ಮಾತು, ನಗು ಎಲ್ಲಾ ನಡಿಯುತ್ತೆ. ನನಗೆ ಬರೀ ವಿಸ್ಡಂ ಟೂತ್ ಕೀಳಿಸಿದ್ದಕ್ಕೇ ಅದೇ ನರ ಮುನಿಸ್ಕೊಂಡು ಮೂರು ತಿಂಗಳು ಕಾಫಿ ಕುಡಿದಾಗೆಲ್ಲ ಅಂಗಿ ಮೇಲೆ ಕಲೆ ನೋಡಿದ ಮೇಲೇ ಚೆಲ್ಲಿದ್ದು ಗೊತ್ತಾಗ್ತಿತ್ತು. ಸರ್ಜನ್ ಹತ್ರ ನಿಮ್ಮ ಸ್ಕ್ಯಾನಲ್ಲಿ ಆ ನರ ಎಲ್ಲಿ ಹೋಗಿದೆ ತೋರ್ಸಿ ಅಂತ ಕೇಳಿ. ದವಡೆ ಬೆಳವಣಿಗೆ ನಿಂತಿದೆಯಾ ಅಂತಾನೂ ಕೇಳಿ, ಬೆಳೀತಿರುವಾಗ ಮಾಡಿದ್ರೆ ಮತ್ತೆ ಮುಂದೆ ಬರುತ್ತೆ. ಮಾಡ್ಸೋದಾದ್ರೆ ಒಂದೂವರೆ ತಿಂಗಳು ಗಂಜಿ, ಅಂಬಲಿಗೆ ರೆಡಿ ಆಗಿ, ಜೋಳದ ರೊಟ್ಟಿ ಇಲ್ಲ.

ಪ್ರಶ್ನೆ: ವಯಸ್ಸು 26. ಸಂಜೆ ಆದ್ರೆ ಬೈಕ್ ಓಡ್ಸಕ್ಕಾಗಲ್ಲ, ಪಕ್ಕದಲ್ಲಿ ಬಂದೋರು ಕಾಣಲ್ಲ, ಆದ್ರೂ ಹೆಂಗೋ ಓಡಿಸ್ತಿದೀನಿ. ಡಾಕ್ಟ್ರು ಆರ್‌ಪಿ, ವಂಶದಿಂದ ಬಂದಿದ್ದು ಅಂದ್ರು. ಅಮ್ಮ ಇರುಳುಗಣ್ಣು ಅಂತ ದಿನಾ ಕ್ಯಾರೆಟ್, ನುಗ್ಗೆಸೊಪ್ಪು ಕೊಡ್ತಾರೆ. ಅಮೆರಿಕದ ಇಂಜೆಕ್ಷನ್ನಿಂದ ವಾಸಿ ಆಗುತ್ತಂತೆ, ಹೌದಾ? ಇನ್ನೊಂದು, ನಮ್ಮಪ್ಪ ಅಮ್ಮನಿಗೆ ಸೋದರಮಾವನೇ, ಈಗ ತಂಗಿನೂ ನಮ್ಮ ಸೋದರಮಾವನಿಗೆ ಕೊಡೋ ಮಾತು ನಡೀತಿದೆ.
(ಚಿತ್ರದುರ್ಗ ಜಿಲ್ಲೆಯ ಓದುಗರು)

ಉತ್ತರ: ನಿಮ್ಮ ಅಮ್ಮ ಹೇಳೋ ಇರುಳುಗಣ್ಣು ವಿಟಮಿನ್ ಎ ಕಮ್ಮಿ ಆಗಿ ಬರೋದು, ಸೊಪ್ಪು ತರಕಾರಿಯಿಂದ ತಡಿಬಹುದು. ಆರ್‌ಪಿ ಅಂದ್ರೆ ರೆಟಿನೈಟಿಸ್ ಪಿಗ್ಮೆಂಟೋಸ. ಇದ್ರಲ್ಲಿ ಮಬ್ಬುಗತ್ತಲಲ್ಲಿ ನೋಡೋ ರಾಡ್ ಕೋಶಗಳು ಮೊದಲು ಸಾಯ್ತವೆ, ಅದಕ್ಕೇ ಮೊದಲು ರಾತ್ರಿ, ಆಮೇಲೆ ಪಕ್ಕದ ನೋಟ ಹೋಗುತ್ತೆ. ಕೆಟ್ಟಿರ್ಬಹುದಾದ ಜೀನುಗಳು 80ಕ್ಕೂ ಹೆಚ್ಚು, ನಿಮ್ಮದು ಯಾವುದು ಅನ್ನೋದರ ಮೇಲೇ ಉಳಿದದ್ದೆಲ್ಲ ನಿಂತಿದೆ.

ನೀವು ಕೇಳಿರೋದು ಲಕ್ಸ್‌ಟರ್ನಾ ಅನ್ನೋ ಜೀನ್ ಚಿಕಿತ್ಸೆ ಇರ್ಬೇಕು (ಕೆಟ್ಟ ಜೀನಿನ ಸರಿಯಾದ ಪ್ರತಿಯನ್ನ ವೈರಸ್ ಮೇಲೆ ಹೊರಿಸಿ ಕಣ್ಣೊಳಗೆ ಕಳ್ಸೋದು), ಅಮೆರಿಕದಲ್ಲಿ 2017ರ ಡಿಸೆಂಬರಲ್ಲಿ ಒಪ್ಪಿಗೆ ಸಿಕ್ತು. ಅದು ಆರ್‌ಪಿಇ65 ಅನ್ನೋ ಒಂದೇ ಜೀನಿಗೆ. ಬೆಳಕು ಬಿದ್ದಾಗ ಕಣ್ಣಲ್ಲಿ ವಿಟಮಿನ್ ಎ ರೂಪ ಬದಲಾಗುತ್ತೆ, ಅದನ್ನ ಮತ್ತೆ ಮೊದಲಿನ ರೂಪಕ್ಕೆ ತರೋ ಕೆಲಸಗಾರ ಈ ಜೀನ್ ಕೊಡೋ ಪ್ರೋಟೀನು. ಅವನೇ ಇಲ್ಲದಿದ್ರೆ ಮೂಟೆಗಟ್ಲೆ ಕ್ಯಾರೆಟ್ ತಿಂದ್ರೂ ಅಷ್ಟೇ, ಸಾಮಾನು ಬಂದು ಬಿದ್ದಿರುತ್ತೆ, ಗಿರಣಿ ಓಡಲ್ಲ. ಮೊದಲು ಇದೇ ದೋಷ ಇದ್ದ ಬ್ರಿಯಾರ್ಡ್ ತಳಿ ನಾಯಿಗಳಿಗೆ ಮಾಡಿದ್ರು, 2001ರಲ್ಲಿ ಲ್ಯಾನ್ಸ್‌ಲಾಟ್ ಅನ್ನೋ ಕುರುಡು ನಾಯಿಗೆ ಕಣ್ಣು ಬಂದದ್ದು ದೊಡ್ಡ ಸುದ್ದಿ ಆಗಿತ್ತು. ಆಮೇಲೆ ಮನುಷ್ಯರ ಪರೀಕ್ಷೆ, ನೆಲದ ಮೇಲೆ ಬಾಣದ ಗುರುತು, ಮಧ್ಯೆ ಮಧ್ಯೆ ಅಡ್ಡ ಇಟ್ಟ ವಸ್ತುಗಳು, ಬೆಳಕು ಕಮ್ಮಿ ಮಾಡ್ತಾ ಹೋಗಿ ಚಂದ್ರ ಇಲ್ಲದ ರಾತ್ರಿಯಷ್ಟು ಮಬ್ಬಲ್ಲಿ ನಡೆಸಿದ್ರು, ಚಿಕಿತ್ಸೆ ತಗೊಂಡ 20 ಜನರಲ್ಲಿ 13 ಜನ ಆ ಮಬ್ಬಲ್ಲೂ ದಾಟಿದ್ರು, ತಗೊಳ್ಳದವರಲ್ಲಿ ಒಬ್ಬರೂ ಇಲ್ಲ. 2018ರಲ್ಲಿ ಹೇಳಿದ ಬೆಲೆ ಎರಡೂ ಕಣ್ಣಿಗೆ ಎಂಟೂವರೆ ಲಕ್ಷ ಡಾಲರ್ ಇತ್ತು, ಆವಾಗಿನ ರೇಟಲ್ಲೇ 5 ಕೋಟಿ ರೂಪಾಯಿ ದಾಟ್ತಿತ್ತು.

ಬೇರೆ ಎಲ್ಲಾ ಜೀನುಗಳಿಗೂ ಯಾಕೆ ಮಾಡಲ್ಲ ಅನ್ನೋದಕ್ಕೆ ಒಂದು ಕಾರಣ, ಜೀನ್ ಹೊತ್ಕೊಂಡು ಹೋಗೋ ವೈರಸ್ಸು ಚಿಕ್ಕ ಗಾಡಿ, ದೊಡ್ಡ ಜೀನು ಅದ್ರಲ್ಲಿ ಹಿಡ್ಸಲ್ಲ. ಕೋಶಗಳು ಪೂರ್ತಿ ಸತ್ತು ಹೋಗಿದ್ರೂ ಪ್ರಯೋಜನ ಇಲ್ಲ. ಅದಕ್ಕೆ ಮೊದಲು ರಕ್ತದ ಜೀನ್ ಟೆಸ್ಟ್ ಮಾಡ್ಸಿ. ವಿಟಮಿನ್ ಎ ಮಾತ್ರೆ ಮಾತ್ರ ನೀವಾಗೇ ನುಂಗ್ಬೇಡಿ, ಕೆಲವು ಜೀನ್ ದೋಷಗಳಲ್ಲಿ ಅದು ಕೇಡೇ ಮಾಡುತ್ತೆ. ಅಮ್ಮನ ನುಗ್ಗೆಸೊಪ್ಪು ಊಟಕ್ಕೆ ಇರ್ಲಿ.

ತಂಗಿ ವಿಷ್ಯ. ನಿಮ್ಮ ಮನೆ ಸಂಬಂಧ ನೋಡಿದ್ರೆ ಇದು ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದು ಸೇರಿದ ಥರದ್ದು ಅನ್ನೋ ಅನುಮಾನ ಬರುತ್ತೆ. ಹಾಗಿದ್ರೆ ಲೆಕ್ಕ ಹೀಗೆ: ತಂಗಿಗೆ ಕಾಯಿಲೆ ಇಲ್ಲದಿದ್ರೂ ಒಂದು ಕೆಟ್ಟ ಪ್ರತಿ ಹೊತ್ಕೊಂಡಿರೋ ಸಾಧ್ಯತೆ ಮೂರರಲ್ಲಿ ಎರಡು, ಅಮ್ಮನ ತಮ್ಮನಿಗೆ ಎರಡರಲ್ಲಿ ಒಂದು, ಇಬ್ಬರೂ ಹೊತ್ತಿದ್ರೆ ಪ್ರತಿ ಮಗುವಿಗೆ ನಾಲ್ಕರಲ್ಲಿ ಒಂದು, ಗುಣಿಸಿದ್ರೆ 12ರಲ್ಲಿ 1. ಹೊರಗಿನ ಸಂಬಂಧ ಆದ್ರೆ ಇದು ಎಷ್ಟೋ ಪಟ್ಟು ಕಮ್ಮಿ. ಆದ್ರೆ ತಾಯಿ ಕಡೆಯ ಎಕ್ಸ್ ಕ್ರೋಮೋಸೋಮಿಂದ ಬಂದ ಥರ ಆಗಿದ್ರೆ ಲೆಕ್ಕವೇ ಬೇರೆ, ಆವಾಗ ತಂಗಿ ಯಾರನ್ನ ಮದುವೆ ಆದ್ರೂ ಗಂಡುಮಕ್ಕಳಿಗೆ ಅಪಾಯ ಇರ್ಬಹುದು. ಹಿರಿಯರ ಹತ್ರ ಜಗಳ ಆಡ್ಬೇಡಿ, ರಿಪೋರ್ಟ್ ಬರೋವರೆಗೂ ತಾಂಬೂಲ ಮುಂದಕ್ಕೆ ಹಾಕಿ ಅನ್ನಿ ಸಾಕು, ಅಷ್ಟ್ರೊಳಗೆ ತಂಗಿ ಕಣ್ಣೂ, ಮಾವನ ರಕ್ತವೂ ಟೆಸ್ಟ್ ಆಗ್ಲಿ. ಬೈಕ್ ಕೀ ಮಾತ್ರ ರಿಪೋರ್ಟಿಗೆ ಕಾಯ್ಬೇಡಿ, ಇವತ್ತೇ ಮನೆಯಲ್ಲಿ ಯಾರ ಕೈಗಾದ್ರೂ ಕೊಟ್ಬಿಡಿ.