ಫಾರಂ ಬಾಕ್ಸ್ ಕದಲದಿದ್ದಾಗ, ತಾನಾಗಿ ಹಿಗ್ಗಿದಾಗ

ಪ್ರಶ್ನೆ: ಅಡಿಕೆ ವಖಾರಿಯೊಂದರ ಆವಕ ದಾಖಲಿಸಲು ವೆಬ್ ಫಾರಂ ಸಿದ್ಧಪಡಿಸುತ್ತಿದ್ದೇನೆ. ಚಾಲಿ, ರಾಶಿ, ಬೆಟ್ಟೆ ಎಂದು ಬಗೆಯನ್ನು ಆರಿಸಿದಾಗ ತೂಕದ ಬಾಕ್ಸ್ ಪಕ್ಕಕ್ಕೆ ಸರಿಯಲೆಂದು ಜಾವಾಸ್ಕ್ರಿಪ್ಟ್‌ನಲ್ಲಿ ಅದರ ಸ್ಟೈಲ್‌ನ ಲೆಫ್ಟ್‌ಗೆ 240 ಎಂದು ಕೊಟ್ಟೆ. ಅದು ಕದಲಲಿಲ್ಲ, ದೋಷಸೂಚನೆಯೂ ಬರಲಿಲ್ಲ. ಇನ್ನು ಆಫ್‌ಸೆಟ್‌ವಿಡ್ತ್‌ನಿಂದ ಓದಿದ ಅಗಲವನ್ನೇ ಮರಳಿ ಕೊಟ್ಟರೆ ಬಾಕ್ಸ್ ಪ್ರತಿ ಸಲವೂ ಹಿಗ್ಗುತ್ತದೆ. ಏಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ಬಾಕ್ಸ್ ಕದಲದಿರಲು ಎರಡು ಕಾರಣಗಳಿರಬಹುದು. ಬರಿಯ 240 ಎಂಬ ಅಂಕಿಯನ್ನು ಬ್ರೌಸರ್ ಸದ್ದಿಲ್ಲದೆ ತಳ್ಳಿಹಾಕುತ್ತದೆ. ‘240ಪಿಎಕ್ಸ್’ (240px, ಅಂದರೆ 240 ಪಿಕ್ಸೆಲ್) ಎಂದು ಅಳತೆಯ ಮಾನವನ್ನೂ ಸೇರಿಸಿ ಕೊಡಬೇಕು. ಹಾಗೆ ಕೊಟ್ಟರೂ, ಆ ಬಾಕ್ಸಿನ ಪೊಸಿಷನ್ (ಪುಟದಲ್ಲಿ ಅದನ್ನು ಇಡುವ ಬಗೆ) ಮೊದಲಿನಂತೆ ಸ್ಟ್ಯಾಟಿಕ್, ಅಂದರೆ ಸಹಜ ಜಾಗದಲ್ಲೇ ನಿಲ್ಲುವಂತೆ, ಇದ್ದರೆ ಲೆಫ್ಟ್, ಟಾಪ್‌ಗಳು ನಾಟುವುದಿಲ್ಲ. ರಿಲೇಟಿವ್ ಮಾಡಿದರೆ ಬಾಕ್ಸ್ ತನ್ನ ಮೂಲ ಜಾಗವನ್ನು ಕಾದಿರಿಸಿಕೊಂಡೇ ಸರಿಯುತ್ತದೆ. ಅಬ್ಸಲ್ಯೂಟ್ ಮಾಡಿದರೆ ಆ ಜಾಗ ತೆರವಾಗಿ ಮುಂದಿನ ಬಾಕ್ಸ್‌ಗಳು ಅಲ್ಲಿಗೆ ಬರುತ್ತವೆ. ನಿಮ್ಮ ಕೆಲಸಕ್ಕೆ ರಿಲೇಟಿವ್ ಸಾಕು.

ಹಿಗ್ಗುವ ತೊಂದರೆ ಹೆಚ್ಚು ಕಾಡುವಂಥದ್ದು, ಏಕೆಂದರೆ ಇಲ್ಲಿ ಎರಡು ಬೇರೆ ಅಳತೆಗಳು ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಆಫ್‌ಸೆಟ್‌ವಿಡ್ತ್ ಎಂದರೆ ಒಳ ಅಂತರ ಮತ್ತು ಅಂಚು ಸೇರಿದ ಒಟ್ಟು ಅಗಲ. ನೀವು ಕೊಡುವ ವಿಡ್ತ್ ಮಾತ್ರ ಒಳಗಿನ ಬರಹದ ಜಾಗದ ಅಗಲ. ಬರಹಕ್ಕೆ 200 ಪಿಕ್ಸೆಲ್, ಎರಡೂ ಬದಿಗೆ 8ರಂತೆ ಒಳ ಅಂತರ, 1ರಂತೆ ಅಂಚು ಇದ್ದರೆ ಓದಿದಾಗ 218 ಸಿಗುತ್ತದೆ. ಅದನ್ನೇ ವಿಡ್ತ್ ಎಂದು ಕೊಟ್ಟರೆ ಮುಂದಿನ ಸಲ 236 ಆಗುತ್ತದೆ. ವಿಡ್ತ್ ಯಾವುದನ್ನು ಅಳೆಯಬೇಕೆಂದು ಹೇಳುವ ಬಾಕ್ಸ್‌ಸೈಜಿಂಗ್ ಅನ್ನು ಬಾರ್ಡರ್‌ಬಾಕ್ಸ್ (ಅಂಚೂ ಸೇರಿ) ಎಂದು ಒಮ್ಮೆ ಹೊಂದಿಸಿದರೆ ಎರಡೂ ಅಳತೆಗಳು ಒಂದಾಗುತ್ತವೆ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು: ಬಾಕ್ಸಿನ ಎತ್ತರವನ್ನು ಬಿಗಿಯಾಗಿ ಕಟ್ಟಿಹಾಕಬೇಡಿ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಎತ್ತರದಲ್ಲಿ ‘ಬೆಟ್ಟೆ’ಯ ಒತ್ತಕ್ಷರ ಕತ್ತರಿಸಿಹೋಗಬಹುದು, ಕನ್ನಡದಲ್ಲಿ ದಾಖಲೆ ಇಡುವವರಿಗೆ ಅದು ಸಣ್ಣ ಕೊರತೆಯಲ್ಲ. ಷರಾ ಬರೆಯುವ ಟೆಕ್ಸ್ಟ್‌ಏರಿಯಾದ ಎತ್ತರವನ್ನು ಮೊದಲು ಆಟೋ ಮಾಡಿ, ಅನಂತರ ಸ್ಕ್ರೋಲ್‌ಹೈಟ್‌ನಷ್ಟು (ಒಳಗಿನ ಬರಹವೆಲ್ಲ ಕಾಣಲು ಬೇಕಾದ ಎತ್ತರದಷ್ಟು) ಕೊಡಿ. ಬಾರ್ಡರ್‌ಬಾಕ್ಸ್ ಇದ್ದರೆ ಅಂಚಿನ 2 ಪಿಕ್ಸೆಲ್ ಕೂಡಿಸಿ. ಆಟೋ ಮಾಡುವುದನ್ನು ಬಿಟ್ಟರೆ ಬರಹ ಅಳಿಸಿದ ಮೇಲೂ ಬಾಕ್ಸ್ ಕುಗ್ಗುವುದಿಲ್ಲ.

ಬಗೆಗೆ ತಕ್ಕಂತೆ ಜಾಗ ಬದಲಿಸುವ ಕೆಲಸದಲ್ಲಿ ಸ್ಕ್ರಿಪ್ಟ್ ಒಂದು ಕ್ಲಾಸ್ ಹೆಸರನ್ನಷ್ಟೇ ಸೇರಿಸಲಿ, ಅಳತೆಗಳೆಲ್ಲ ಆ ಹೆಸರಿನಡಿ ಸ್ಟೈಲ್‌ಶೀಟ್‌ನಲ್ಲಿ (ಪುಟದ ರೂಪ, ಅಳತೆಗಳನ್ನು ಬರೆದಿಡುವ ಕಡೆ) ಇರಲಿ ಎಂಬುದು ನನ್ನ ಸಲಹೆ. ವಖಾರಿಯಲ್ಲಿ ತೂಕದ ಬಳಿ ನಿಂತು ಮೊಬೈಲಿನಲ್ಲಿ ತುಂಬುವವರಿಗೆ 240 ಪಿಕ್ಸೆಲ್ ಸರಿದ ಬಾಕ್ಸ್ ಪರದೆಯ ಆಚೆ ಹೋಗಬಹುದು. ಕಿರಿದಾದ ಪರದೆಗೆ ಬೇರೆ ಅಳತೆಯನ್ನು ಅಲ್ಲಿಯೇ ಬರೆದಿಡಬಹುದು.